ದಣಿದು ನಿಂತ ಮೇಲೆ ಹೊಸ ಕೆಲಸದ ಕಡೆಗೆ, ಒಂದೊಂದೇ ಹೆಜ್ಜೆ

ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಊಟಕ್ಕೆ ಕೂತಿದ್ದೆ. ಎಲೆಗೆ ಆಗಷ್ಟೇ ಅನ್ನ, ಸಾರು ಬಿದ್ದಿತ್ತು. ಹಿಂದಿನ ಸಾಲಿನಲ್ಲಿ ಯಾರದೋ ಫೋನ್ ಹೊಡೆದುಕೊಂಡಿತು. ನನ್ನ ಆಫೀಸ್ ಫೋನಿಗೂ ಅದೇ ರಿಂಗ್‌ಟೋನ್ ಇತ್ತು. ನೋಡಿದರೆ ನಾನು ಎಲೆ ಬಿಟ್ಟು ಎದ್ದು ನಿಂತಿದ್ದೆ. ಎದೆ ಡವಡವ ಅನ್ನುತ್ತಿತ್ತು, ಅಂಗೈ ಬೆವೆತಿತ್ತು. ಪಕ್ಕದಲ್ಲಿದ್ದ ಸೋದರತ್ತೆ ಸೆರಗು ಹಿಡಿದು ಎಳೆದರು. "ಏನಾಯ್ತೇ? ಕೂತ್ಕೋ, ಊಟದ ಮಧ್ಯೆ ಏಳಬಾರದು."

ನಾನು ಹನ್ನೆರಡು ವರ್ಷ ಬೆಂಗಳೂರಿನಲ್ಲಿ ಪ್ರೊಡಕ್ಷನ್ ಸಪೋರ್ಟ್ ಕೆಲಸ ಮಾಡಿದವಳು. ಸಮುದ್ರದ ಆಚೆ ಎಲ್ಲೋ ಒಂದು ಸಿಸ್ಟಮ್ ಕೆಟ್ಟು ನಿಂತರೆ ನಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತಿತ್ತು. ಆ ಮದುವೆಯ ದಿನ ನಾನು ರಜೆಯಲ್ಲಿದ್ದೆ. ಫೋನ್ ನನ್ನದಲ್ಲ. ಆದರೂ ಮೈ ಎದ್ದು ನಿಂತಿತ್ತು.

ಈಗ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ಊಟದ ಎಲೆಯಿಂದ ಈ ಕಪ್ಪುಹಲಗೆಗೆ ಬರಲು ನಾಲ್ಕು ವರ್ಷ ಹಿಡಿಯಿತು. ದಾರಿಯಲ್ಲಿ ಕೆಲವು ತಪ್ಪು ಮಾಡಿದೆ. ಕೆಲವು ಸರಿಯಾದ ಕೆಲಸಗಳನ್ನು ತಪ್ಪಾದ ಹೊತ್ತಿನಲ್ಲಿ ಮಾಡಿದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಗೊತ್ತಾಗಿದ್ದು ತಡವಾಗಿ. ನಿಮಗೆ ಅದು ಮೊದಲೇ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಡಾಕ್ಟರ್ ಹತ್ತಿರ ಹೋಗಿ

"ನಂಗೆ ಬರ್ನ್‌ಔಟ್ ಆಗಿದೆ" ಅಂತ ನಾವೇ ತೀರ್ಮಾನ ಮಾಡಿಕೊಳ್ಳುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸಿದಾಗ ಇದು ಕಾಯಿಲೆ ಅಂತ ಹೇಳಲಿಲ್ಲ. ಕೆಲಸದ ಜಾಗದ ಒತ್ತಡವನ್ನು ತುಂಬಾ ದಿನ ಸರಿಯಾಗಿ ನಿಭಾಯಿಸದೆ ಹೋದರೆ ಬರುವ ಸ್ಥಿತಿ ಅಂತ ಹೇಳಿತು. ಮೂರು ಗುರುತು ಕೊಟ್ಟಿತು. ಶಕ್ತಿಯೆಲ್ಲ ಬಸಿದುಹೋದ ಹಾಗೆ ಆಗುವುದು. ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಅದರ ಬಗ್ಗೆ ಕಹಿ ತುಂಬಿಕೊಳ್ಳುವುದು. ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಅನ್ನಿಸುವುದು.

ಈ ಮೂರೂ ನಿಮಗೆ ತಾಳೆಯಾದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರಾದರೂ, ಹಿಮೋಗ್ಲೋಬಿನ್ ಇಳಿದಿದ್ದರೂ, ಬಿ12 ಕಡಿಮೆ ಇದ್ದರೂ ಹೀಗೇ ಸುಸ್ತಾಗುತ್ತದೆ. ನನಗೆ ಬಿ12 ತೀರಾ ಕಡಿಮೆ ಇತ್ತು. ಅದಕ್ಕೆ ಮಾತ್ರೆ ತಗೊಂಡ ಮೇಲೆ ಕೈಕಾಲಿಗೆ ಸ್ವಲ್ಪ ಬಲ ಬಂತು. ಮನಸ್ಸಿಗೆ ಬರಲಿಲ್ಲ. ಹಾಗಾಗಿ ಎರಡೂ ಬೇರೆ ಬೇರೆ ಅಂತ ತಿಳಿಯಿತು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಬರ್ನ್‌ಔಟ್ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಖಿನ್ನತೆ ಹಾಗಲ್ಲ, ಅದು ಎಲ್ಲ ಕಡೆ ಹರಡುತ್ತದೆ. ಮಕ್ಕಳ ಜೊತೆ ಆಟ, ಇಷ್ಟದ ತಿಂಡಿ, ಹಬ್ಬ, ಸ್ನೇಹಿತರು, ಯಾವುದರಲ್ಲೂ ಖುಷಿ ಸಿಗುತ್ತಿಲ್ಲ ಅಂದರೆ, ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ, ಕೆಲಸ ಬದಲಾಯಿಸುವ ಮಾತು ಪಕ್ಕಕ್ಕಿಡಿ. ಇವತ್ತೇ ಯಾರ ಹತ್ತಿರವಾದರೂ ಮಾತಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಮ್ಮ ನಿಮ್ಹಾನ್ಸ್ ಇದರ ಹಿಂದೆ ಇದೆ. ಬೆಂಗಳೂರಿನಲ್ಲಿ ಇರುವವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನವರ ಕ್ಷೇಮ ಕೇಂದ್ರವೂ ಇದೆ. ದೊಡ್ಡ ಆಸ್ಪತ್ರೆಗೆ ಹೋಗಲು ಅಂಜಿಕೆ ಇರುವವರಿಗೆ ಅಲ್ಲಿಗೆ ಹೋಗುವುದು ಸಲೀಸು.

ಎರಡನೇ ಹೆಜ್ಜೆ: ರಾಜೀನಾಮೆಗೆ ಮುಂಚೆ ರಜೆ

ಬೆಂದು ಹೋದ ಮನಸ್ಸಿಗೆ ಎಲ್ಲವೂ ಕೆಟ್ಟದಾಗಿ ಕಾಣುತ್ತದೆ. ಇಲ್ಲವೇ ಈಗಿನದು ಬಿಟ್ಟು ಬೇರೆ ಎಲ್ಲವೂ ಸ್ವರ್ಗದ ಹಾಗೆ ಕಾಣುತ್ತದೆ. ಆ ಹೊತ್ತಿನಲ್ಲಿ ಮುಂದಿನ ಇಪ್ಪತ್ತು ವರ್ಷದ ಕೆಲಸ ಆರಿಸಿಕೊಳ್ಳಬೇಡಿ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಸೋಮವಾರ ಬೆಳಗ್ಗೆ ಸಿಟ್ಟಿನಲ್ಲಿ ರಾಜೀನಾಮೆ ಕಳಿಸಿದರು. ಮೂರು ತಿಂಗಳು ಆದ ಮೇಲೆ ಅಷ್ಟೇ ರಾತ್ರಿ ಕೆಲಸ ಇರುವ ಇನ್ನೊಂದು ಕಂಪನಿ ಸೇರಿದರು. ಕೈಯಲ್ಲಿ ದುಡ್ಡು ಮುಗಿಯುತ್ತಿತ್ತು, ಬೇರೆ ದಾರಿ ಹುಡುಕಲು ತಲೆ ಇನ್ನೂ ಸರಿಹೋಗಿರಲಿಲ್ಲ.

ಮೊದಲು ಉಳಿದಿರುವ ರಜೆ ಲೆಕ್ಕ ಹಾಕಿ. ಆಮೇಲೆ ಕಂಪನಿಯ ನಿಯಮದ ಪುಸ್ತಕದಲ್ಲಿ ದೀರ್ಘ ರಜೆ, ಸಂಬಳವಿಲ್ಲದ ರಜೆ ಅಂತ ಏನಿದೆ ಓದಿ. ಇದನ್ನು ನಿಮ್ಮ ಹತ್ತಿರ ಯಾರೂ ಬಂದು ಹೇಳುವುದಿಲ್ಲ, ನೀವೇ ಹುಡುಕಬೇಕು. ಡಾಕ್ಟರ್ ವಿಶ್ರಾಂತಿ ಬರೆದುಕೊಟ್ಟಿದ್ದರೆ ಆ ಚೀಟಿಯನ್ನೂ ಜೊತೆಗೆ ಹಚ್ಚಿ. ಮ್ಯಾನೇಜರ್‌ಗೆ ಬರೆಯುವಾಗ ಕಥೆ ಹೇಳಬೇಡಿ, ದೂರೂ ಬೇಡ. ನಾನು ಬರೆದಿದ್ದು ಮೂರೇ ಸಾಲು. ಆರೋಗ್ಯ ಸರಿಯಿಲ್ಲ, ಡಾಕ್ಟರ್ ವಿಶ್ರಾಂತಿ ಹೇಳಿದ್ದಾರೆ. ಇಂಥ ದಿನದಿಂದ ಇಂಥ ದಿನದವರೆಗೆ ರಜೆ ಬೇಕು. ನನ್ನ ಕೆಲಸವನ್ನು ಇಂಥವರಿಗೆ ವಹಿಸಿಕೊಡಲು ಎರಡು ವಾರ ಇರುತ್ತೇನೆ. ಅಷ್ಟೇ.

ರಜೆ ಸಿಕ್ಕ ಮೇಲೆ ಒಂದು ದೊಡ್ಡ ತಪ್ಪು ಮಾಡಿದೆ. ಮೊದಲ ವಾರವೇ ಎರಡು ಆನ್‌ಲೈನ್ ಕೋರ್ಸ್ ಸೇರಿದೆ. ಬೆಳಗ್ಗೆ ಐದಕ್ಕೆ ಅಲಾರಂ ಇಟ್ಟೆ, ಗೋಡೆಗೆ ಪಟ್ಟಿ ಅಂಟಿಸಿದೆ. ಆಫೀಸ್ ಬಿಟ್ಟು ಬಂದರೂ ಆಫೀಸನ್ನೇ ಮನೆಗೆ ತಂದಿದ್ದೆ. ಹತ್ತು ದಿನಕ್ಕೆ ಮತ್ತೆ ಹಾಸಿಗೆ ಹಿಡಿದೆ.

ಆಗ ಊರಿಗೆ ಹೋದೆ. ನಮ್ಮಪ್ಪನದು ತೆಂಗಿನ ತೋಟ. ಸಂಜೆ ಕಟ್ಟೆ ಮೇಲೆ ಕೂತು ಅಪ್ಪ ಹೇಳಿದರು: "ಬರ ಹೋಯ್ತು ಅಂತ ಮರ ನಾಳೆನೇ ಕಾಯಿ ಕೊಡುತ್ತೇನಮ್ಮ? ಎರಡು ವರ್ಷ ಸುಮ್ನೆ ನೀರು ಹಾಕಬೇಕು." ತೆಂಗು ಬೆಳೆದವರಿಗೆ ಇದು ಗೊತ್ತು. ಹೊಂಬಾಳೆ ಹೊರಗೆ ಕಾಣುವ ಎರಡು ವರ್ಷಕ್ಕೂ ಮುಂಚೆಯೇ ಮರದೊಳಗೆ ಅದರ ಮೊಳಕೆ ಹುಟ್ಟಿರುತ್ತದೆ. ಬರದಲ್ಲಿ ಒಣಗಿದ್ದು ಆ ಮೊಳಕೆ. ಹಾಗಾಗಿ ಮಳೆ ಬಂದ ಮೇಲೂ ಎರಡು ಮೂರು ವರ್ಷ ಇಳುವರಿ ಕಡಿಮೆ. ಮರ ಹಸಿರಾಗಿ ಕಾಣುತ್ತದೆ, ಕಾಯಿ ಇರುವುದಿಲ್ಲ. ಅದಕ್ಕೆ ಯಾರೂ ಮರವನ್ನು ಬೈಯುವುದಿಲ್ಲ, ಅಲ್ವಾ?

ಮೊದಲ ಮೂರು ನಾಲ್ಕು ವಾರ ನಿದ್ದೆ, ಊಟ, ನಡಿಗೆ ಇಷ್ಟೇ ಇಟ್ಟುಕೊಳ್ಳಿ. ಕೋರ್ಸ್ ಬೇಡ, ಯೋಜನೆ ಬೇಡ. ಕೆಲಸ ಹುಡುಕುವ ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ. ಮತ್ತೆ ಯಾವಾಗ ಶುರು ಮಾಡಬೇಕು ಅಂದರೆ, ಯಾರೂ ಹೇಳದೆ ನಿಮಗೇ ಏನೋ ಒಂದು ಸಣ್ಣ ಕೆಲಸ ಮಾಡೋಣ ಅನ್ನಿಸಿದ ದಿನ. ನನಗೆ ಅದು ಏಳನೇ ವಾರ ಬಂತು. ಅಮ್ಮನ ಹಳೇ ಟ್ರಂಕ್ ಒರೆಸಿ ಬಣ್ಣ ಹಚ್ಚಬೇಕು ಅನ್ನಿಸಿತು.

ಮೂರನೇ ಹೆಜ್ಜೆ: ಸುಟ್ಟಿದ್ದು ಯಾವುದು ಅಂತ ಹುಡುಕಿ

ಇಡೀ ದಾರಿಯಲ್ಲಿ ಜನ ಹಾರಿಬಿಡುವ ಹೆಜ್ಜೆ ಇದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಕ್ರಿಸ್ಟಿನಾ ಮ್ಯಾಸ್ಲಾಕ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ. ದಶಕಗಳ ಕಾಲ ಇದೇ ವಿಷಯ ಅಧ್ಯಯನ ಮಾಡಿದವರು. ಅವರು ಮತ್ತು ಮೈಕೆಲ್ ಲೈಟರ್ ಸೇರಿ ಕೆಲಸದಲ್ಲಿ ಮನುಷ್ಯ ಸುಟ್ಟುಹೋಗುವ ಆರು ಜಾಗ ಗುರುತಿಸಿದ್ದಾರೆ. ಕೆಲಸದ ಹೊರೆ. ನನ್ನ ಕೆಲಸದ ಮೇಲೆ ನನಗೆಷ್ಟು ಹಿಡಿತ ಅನ್ನುವುದು. ಸಂಬಳ ಮತ್ತು ಮೆಚ್ಚುಗೆ. ಜೊತೆಗಿರುವ ಜನ. ನ್ಯಾಯ. ಕೊನೆಯದು, ನಾನು ನಂಬುವ ಮೌಲ್ಯಕ್ಕೂ ಮಾಡುವ ಕೆಲಸಕ್ಕೂ ಹೊಂದಿಕೆ.

ಒಂದು ನೋಟ್‌ಬುಕ್ ತಗೊಳ್ಳಿ. ಕೆಲಸದಲ್ಲಿದ್ದರೆ ಎರಡು ವಾರ, ದಿನಾ ರಾತ್ರಿ ಎರಡು ಸಾಲು ಬರೆಯಿರಿ. ಇವತ್ತು ಯಾವ ಗಳಿಗೆಯಲ್ಲಿ ಜೀವ ಹಿಂಡಿದಂತಾಯಿತು? ಯಾವ ಗಳಿಗೆಯಲ್ಲಿ ಹೊತ್ತು ಹೋಗಿದ್ದೇ ತಿಳಿಯಲಿಲ್ಲ? ರಜೆಯಲ್ಲಿದ್ದರೆ ಕಳೆದ ಒಂದು ವರ್ಷದ ಕ್ಯಾಲೆಂಡರ್ ತೆರೆದು, ಒಂದೊಂದೇ ತಿಂಗಳು ನೆನಪು ಮಾಡಿಕೊಂಡು ಬರೆಯಿರಿ. ಆಮೇಲೆ ಪ್ರತಿ ಸಾಲಿನ ಎದುರು ಆರರಲ್ಲಿ ಯಾವುದು ಅಂತ ಗುರುತು ಹಾಕಿ.

ನನ್ನ ಪಟ್ಟಿ ನೋಡಿ ನನಗೇ ಆಶ್ಚರ್ಯವಾಯಿತು. ಕಂಪ್ಯೂಟರ್ ಕೆಲಸವೇ ನನಗೆ ಆಗಿಬರುವುದಿಲ್ಲ ಅಂತ ಅಂದುಕೊಂಡಿದ್ದೆ. ಪಟ್ಟಿಯಲ್ಲಿ ಅದಕ್ಕೆ ಒಂದು ಗುರುತೂ ಇರಲಿಲ್ಲ. ಜಾಸ್ತಿ ಗುರುತು ಬಿದ್ದಿದ್ದು "ಹಿಡಿತ" ಅನ್ನುವುದಕ್ಕೆ. ಯಾವಾಗ ಫೋನ್ ಬರುತ್ತದೆ ಗೊತ್ತಿಲ್ಲ, ಬಂದರೆ ಇಲ್ಲ ಅನ್ನುವ ಹಾಗಿಲ್ಲ. ಇನ್ನು ಹೊತ್ತು ಹೋಗಿದ್ದೇ ತಿಳಿಯದ ಗಳಿಗೆಗಳು? ಏಳರಲ್ಲಿ ಐದು, ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಸಿಸ್ಟಮ್ ಹೇಗೆ ನಡೆಯುತ್ತದೆ ಅಂತ ಬೋರ್ಡಿನ ಮೇಲೆ ಬಿಡಿಸಿ ಹೇಳಿಕೊಟ್ಟ ದಿನಗಳು. ಅದಕ್ಕೆ ಸಂಬಳ ಇರಲಿಲ್ಲ, ಯಾರ ಲೆಕ್ಕದಲ್ಲೂ ಅದು ಕೆಲಸವಾಗಿರಲಿಲ್ಲ.

ಸುಟ್ಟಿದ್ದು ಹೊರೆ ಮಾತ್ರ ಆಗಿದ್ದರೆ, ನೀವು ಕೆಲಸದ ಜಾತಿ ಬದಲಾಯಿಸಬೇಕಿಲ್ಲ. ತಂಡ ಬದಲಾಯಿಸಿ. ಸುಟ್ಟಿದ್ದು ಜನ ಆಗಿದ್ದರೆ, ಕಂಪನಿ ಬದಲಾಯಿಸಿ. ನನ್ನ ಹಾಗೆ ಹಿಡಿತ, ಇಲ್ಲವೇ ಮೌಲ್ಯ ಆಗಿದ್ದರೆ ಮಾತ್ರ ಬೇರೆ ದಾರಿಯೇ ಬೇಕಾಗಬಹುದು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ನನಗೆ ಇಲ್ಲಿ ಯಾವಾಗಲೂ ನೆನಪಾಗುತ್ತಾರೆ. ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಕೊಟ್ಟಾಗ, 1940ರ ದಶಕದಲ್ಲಿ, ರಾಜೀನಾಮೆ ಕೊಟ್ಟು ಹೊರಬಂದರು. ಆಗ ವಯಸ್ಸು ಐವತ್ತು ದಾಟಿತ್ತು. ಆರು ಜಾಗದಲ್ಲಿ ಅವರಿಗೆ ತಾಗಿದ್ದು ನ್ಯಾಯ. ಆಮೇಲೆ ಸುಮಾರು ಎರಡು ದಶಕ "ಜೀವನ" ಪತ್ರಿಕೆ ನಡೆಸಿದರು. ಜ್ಞಾನಪೀಠ ಬಂದಿದ್ದು 1983ರ ಸಾಲಿಗೆ. ಆದರೆ ನಾವು ಗಮನಿಸಬೇಕಾದ್ದು ಬೇರೆ ಇದೆ. ಅವರು ಕಥೆ ಬರೆಯಲು ಶುರು ಮಾಡಿದ್ದು ರಾಜೀನಾಮೆ ಆದ ಮೇಲಲ್ಲ. ಅದಕ್ಕೆ ಮೂವತ್ತು ವರ್ಷ ಮುಂಚೆಯೇ ಬರೆಯುತ್ತಿದ್ದರು. ಕಚೇರಿ ಬಿಟ್ಟು ಬಂದಾಗ ಕೂರಲು ಇನ್ನೊಂದು ಕುರ್ಚಿ ಆಗಲೇ ಸಿದ್ಧವಿತ್ತು.

ನಾಲ್ಕನೇ ಹೆಜ್ಜೆ: ಎಷ್ಟಿದ್ದರೆ ಸಾಕು?

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಜಾಸ್ತಿ ತಂದರು. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತಗೊಳ್ಳಲಿಲ್ಲ. ಇಷ್ಟೇಕೆ, ತಂದ ಜಾಗದಲ್ಲೇ ಸುರಿದು ಬನ್ನಿ ಅಂದರು ಅಂತ ಶರಣರ ಕಥೆ ಹೇಳುತ್ತದೆ. ಲಕ್ಕಮ್ಮನಿಗೆ ತಮ್ಮ ಮನೆಗೆ ಎಷ್ಟು ಅಕ್ಕಿ ಸಾಕು ಅಂತ ಸರಿಯಾಗಿ ಗೊತ್ತಿತ್ತು. ನಮ್ಮಲ್ಲಿ ತುಂಬಾ ಜನರಿಗೆ ಅದೇ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಮೂರು ತಿಂಗಳ ಬ್ಯಾಂಕ್ ಲೆಕ್ಕ ತೆಗೆದು, ಇಲ್ಲದೆ ಆಗುವುದೇ ಇಲ್ಲ ಅನ್ನುವ ಖರ್ಚು ಮಾತ್ರ ಬರೆಯಿರಿ. ಒಂದು ಉದಾಹರಣೆ ಕೊಡುತ್ತೇನೆ. ಬಾಡಿಗೆ 22,000. ದಿನಸಿ, ಹಾಲು, ಗ್ಯಾಸ್ 14,000. ಸ್ಕೂಲ್ ಫೀಸ್ ತಿಂಗಳಿಗೆ ಹಂಚಿದರೆ 9,000. ಊರಿಗೆ ಕಳಿಸುವುದು 5,000. ಕರೆಂಟು, ಫೋನ್, ಇಂಟರ್ನೆಟ್ 3,500. ಓಡಾಟ 4,000. ವಿಮೆ 3,000. ಇತರೆ 5,000. ಒಟ್ಟು 65,500. ಕೈಯಲ್ಲಿ ತಕ್ಷಣ ತೆಗೆಯಬಹುದಾದ ಉಳಿತಾಯ 9 ಲಕ್ಷ ಇದ್ದರೆ, ಎರಡು ತಿಂಗಳ ಖರ್ಚನ್ನು ಆಸ್ಪತ್ರೆ, ಅನಿರೀಕ್ಷಿತ ಅಂತ ಮುಟ್ಟದೆ ತೆಗೆದಿಡಿ. ಉಳಿದದ್ದು ಹನ್ನೊಂದು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅದು ನಿಮ್ಮ ಉಸಿರಾಡುವ ಜಾಗ. ಅದು ಆರು ತಿಂಗಳಿಗಿಂತ ಕಡಿಮೆ ಇದ್ದರೆ ಕೆಲಸ ಬಿಡಬೇಡಿ ಅಂತ ನಾನು ಕೈಮುಗಿದು ಹೇಳುತ್ತೇನೆ. ದುಡ್ಡಿನ ಭಯದಲ್ಲಿ ಆರಿಸಿದ ಹೊಸ ಕೆಲಸ, ಹಳೇ ಕೆಲಸದ ಹಾಗೇ ಸುಡುತ್ತದೆ.

ಬರಬೇಕಾದ ದುಡ್ಡನ್ನೂ ನೋಡಿ. ಒಂದೇ ಕಡೆ ಐದು ವರ್ಷ ಪೂರ್ತಿ ಕೆಲಸ ಮಾಡಿದ ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗುತ್ತದೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷದಿಂದ ಗುಣಿಸಿ. ಮೂಲ ವೇತನ 60,000, ಸೇವೆ 8 ವರ್ಷ ಅಂದರೆ ಸುಮಾರು 2,76,900 ರೂಪಾಯಿ. ಐದು ವರ್ಷ ತುಂಬಲು ಒಂದೆರಡು ತಿಂಗಳು ಬಾಕಿ ಇದ್ದು, ಆರೋಗ್ಯ ತಡೆದುಕೊಳ್ಳುತ್ತದೆ ಅಂದರೆ, ರಜೆ ಹಾಕಿಯಾದರೂ ಅದನ್ನು ದಾಟಿ. ಪಿಎಫ್ ದುಡ್ಡನ್ನು ಕೊನೆಗೆ ಮುಟ್ಟಿ. ಸೇವೆ ಐದು ವರ್ಷ ಆಗುವ ಮುಂಚೆ ತೆಗೆದರೆ ತೆರಿಗೆ ಬೀಳುತ್ತದೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ತೆಗೆಯದೆ ಬಿಟ್ಟರೂ ಖಾತೆಗೆ ಬಡ್ಡಿ ಸೇರುತ್ತಿರುತ್ತದೆ.

ಇನ್ನು ಆರೋಗ್ಯ ವಿಮೆ. ಇದನ್ನು ನಾನು ಮರೆತಿದ್ದೆ, ನೀವು ಮರೆಯಬೇಡಿ. ಕಂಪನಿಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅಪ್ಪ ಅಮ್ಮನೂ ಅದರಲ್ಲೇ ಇದ್ದರೆ ಅವರದೂ ಅಂದೇ ಮುಗಿಯಿತು. ನಿಮ್ಮದೇ ಪಾಲಿಸಿಯನ್ನು ಕೆಲಸದಲ್ಲಿರುವಾಗಲೇ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿ ಇರಬಹುದು. ಆ ಗಡಿಯಾರ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಕಂಪನಿ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಆಗುತ್ತಾ ಅಂತಲೂ ಬಿಡುವ ಮುಂಚೆಯೇ ಕೇಳಿ.

ಐದನೇ ಹೆಜ್ಜೆ: ಮನೆಯಲ್ಲಿ ಹೇಳುವುದು

"ನಂಗೆ ಆಗ್ತಿಲ್ಲ, ಕೆಲಸ ಬಿಡ್ತೀನಿ" ಅಂತ ಮೊದಲ ಸಲ ಹೇಳಿದಾಗ ಮನೆಯವರ ಮುಖ ಬಿಳಿಚಿಕೊಂಡಿತು. ಅಮ್ಮ ಫೋನಿನಲ್ಲಿ, "ಅಲ್ಲ ಕಣೇ, ಇಷ್ಟು ಒಳ್ಳೆ ಕೆಲಸ! ಜನ ಏನಂತಾರೆ?" ಅಂದರು. ಎರಡನೇ ಸಲ ನಾನು ನೋಟ್‌ಬುಕ್ ಇಟ್ಟುಕೊಂಡು ಕೂತೆ. "ರೀ, ಇಲ್ಲಿ ನೋಡಿ, ತಿಂಗಳಿಗೆ ಇಷ್ಟು ಬೇಕು, ಇಷ್ಟು ತಿಂಗಳಿಗೆ ಇದೆ. ಹತ್ತು ತಿಂಗಳಲ್ಲಿ ಏನೂ ದಾರಿ ಕಾಣದಿದ್ದರೆ ನಾನು ಮತ್ತೆ ಇದೇ ಕೆಲಸಕ್ಕೆ ಅರ್ಜಿ ಹಾಕ್ತೀನಿ." ಅವರು ಲೆಕ್ಕ ಎರಡು ಸಲ ಕೂಡಿದರು. ಆಮೇಲೆ, "ಕಾರು ಮಾರೋಣ, ಸಾಲದ ಕಂತು ಉಳಿಯುತ್ತೆ" ಅಂದರು. ಭಾವನೆಗೆ ಭಯದ ಉತ್ತರ ಸಿಕ್ಕಿತ್ತು, ಲೆಕ್ಕಕ್ಕೆ ಲೆಕ್ಕದ ಉತ್ತರ ಸಿಕ್ಕಿತು.

ನನ್ನ ಮನೆಯಲ್ಲಿ ಇನ್ನೊಂದು ಸಂಬಳ ಬರುತ್ತಿತ್ತು. ಅದು ದೊಡ್ಡ ಆಸರೆ. ಒಬ್ಬರೇ ದುಡಿದು ಮನೆ ನಡೆಸುವವರು ನನ್ನ ಹಾಗೆ ಬಿಡಲು ಆಗುವುದಿಲ್ಲ, ಬಿಡಬೇಕಿಲ್ಲ ಕೂಡ. ಅವರಿಗೆ ಕೆಲಸದಲ್ಲಿದ್ದುಕೊಂಡೇ ಮುಂದಿನ ಹೆಜ್ಜೆ ಮಾಡಬಹುದು. ನಿಧಾನ ಆಗುತ್ತದೆ ಅಷ್ಟೇ.

ಆರನೇ ಹೆಜ್ಜೆ: ಸಣ್ಣದಾಗಿ ಮಾಡಿ ನೋಡಿ

"ನನ್ನ ಜೀವನದ ಉದ್ದೇಶ ಏನು?" ಅಂತ ಕಣ್ಣು ಮುಚ್ಚಿ ಕೂತು ಯೋಚಿಸಿದರೆ ನಿದ್ದೆ ಬರುತ್ತದೆ, ಇಲ್ಲವೇ ಅಳು ಬರುತ್ತದೆ. ನನಗೆ ಎರಡೂ ಬಂದಿದೆ. ಕೈ ಹಾಕಿ ಮಾಡಿದಾಗ ಮಾತ್ರ ಏನೋ ಸುಳಿವು ಸಿಗುತ್ತದೆ. ಮೂರು ಕೆಲಸ ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ಆರರಿಂದ ಎಂಟು ವಾರ ಕೊಡಿ. ಖರ್ಚಿಗೆ ಒಂದು ಮಿತಿ ಹಾಕಿ. ನಾನು ಹಾಕಿದ್ದು ಒಂದೊಂದಕ್ಕೆ 10,000.

ಮೊದಲು ಮಾಡಿದ್ದು ಕೃಷಿ. ಬೆಂಗಳೂರಿನ ಆಫೀಸುಗಳಲ್ಲಿ ಊಟದ ಹೊತ್ತಿಗೆ ತೋಟ ಮಾಡುವ ಮಾತು ಬರದ ದಿನವಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಅದರ 79ಎ ಮತ್ತು 79ಬಿ ಕಲಂ ತೆಗೆದ ಮೇಲೆ, ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಜಮೀನು ಕೊಳ್ಳಬಹುದಾಯಿತು. ಹಾಗಾಗಿ ಜನ ಉಳಿತಾಯವನ್ನೆಲ್ಲ ಸುರಿದು ಮೊದಲು ಜಮೀನು ಕೊಂಡುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಟಿ ತೆಂಗು ಫಲಕ್ಕೆ ಬರಲು ಆರರಿಂದ ಎಂಟು ವರ್ಷ ಬೇಕು. ಅಲ್ಲಿಯವರೆಗೆ ಮನೆ ನಡೆಯುವುದು ಯಾವುದರಲ್ಲಿ? ಕೊಳ್ಳುವ ಮುಂಚೆ ಯಾರದಾದರೂ ತೋಟದಲ್ಲಿ ಎರಡು ತಿಂಗಳು ಕೆಲಸ ಮಾಡಿ. ನಾನು ಅಪ್ಪನ ತೋಟದಲ್ಲೇ ಮಾಡಿದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತರಬೇತಿ ಕೇಳಿ. ಬೆಂಗಳೂರಿನವರಾದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಆಗುವ ಕೃಷಿ ಮೇಳದಲ್ಲಿ ಒಂದು ದಿನ ಪೂರ್ತಿ ರೈತರನ್ನು ಮಾತಾಡಿಸಿ.

ಕ್ಯಾಪ್ಟನ್ ಗೋಪಿನಾಥ್ ಅವರ ಹೆಸರು ಈ ಮಾತಿನಲ್ಲಿ ಬಂದೇ ಬರುತ್ತದೆ. ಅವರೇನೂ ದಣಿದು ಸೈನ್ಯ ಬಿಟ್ಟವರಲ್ಲ. ಆದರೆ ಹೊಸದಾಗಿ ಶುರು ಮಾಡುವುದು ಎಷ್ಟು ದಿನದ ಕೆಲಸ ಅಂತ ಅವರಿಂದ ತಿಳಿಯುತ್ತದೆ. ಹಾಸನ ಜಿಲ್ಲೆಯ ಜಾವಗಲ್ ಹತ್ತಿರ ಬರಡು ಜಮೀನಿನಲ್ಲಿ ಟೆಂಟ್ ಹಾಕಿಕೊಂಡು ಕೃಷಿ ಶುರು ಮಾಡಿದರು. ರೇಷ್ಮೆ ಕೃಷಿಯ ಕೆಲಸಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಹೆಲಿಕಾಪ್ಟರ್ ಕಂಪನಿ 1997ರದು, ವಿಮಾನ ಕಂಪನಿ ಏರ್ ಡೆಕ್ಕನ್ 2003ರದು. ಜನಕ್ಕೆ ವಿಮಾನ ನೆನಪಿದೆ. ಟೆಂಟಿಗೂ ವಿಮಾನಕ್ಕೂ ನಡುವಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರೂ ಎಣಿಸುವುದಿಲ್ಲ.

ನನಗೆ ತೋಟದಲ್ಲಿ ಮೈಗೆ ಆರಾಮ ಆಯಿತು. ಆದರೆ ಆರನೇ ವಾರಕ್ಕೆ ನೋಟ್‌ಬುಕ್‌ನಲ್ಲಿ ಬರೆದೆ: "ಇದು ವಿಶ್ರಾಂತಿ. ನನ್ನ ಕೆಲಸ ಅಲ್ಲ." ತುಂಬಾ ಜನ ಇವೆರಡನ್ನು ಕಲಸಿಕೊಳ್ಳುತ್ತಾರೆ.

ಎರಡನೆಯದು ಪುಡಿ ಮಾಡಿ ಮಾರುವುದು. ಅಮ್ಮನ ಕೈಯ ಹುಳಿಪುಡಿ, ಕೊಬ್ಬರಿ ಚಟ್ನಿಪುಡಿ. ಮನೆಯಲ್ಲೇ ತಿಂಡಿ ತಿನಿಸು ಮಾಡಿ ಮಾರುವವರಿಗೂ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ಸಂಸ್ಥೆಯ ನೋಂದಣಿ ಬೇಕು. ವರ್ಷದ ವಹಿವಾಟು ಚಿಕ್ಕದಿದ್ದರೆ ಸಣ್ಣ ಶುಲ್ಕದ ನೋಂದಣಿ ಸಾಕು. ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ಉದ್ಯಮ್ ನೋಂದಣಿಗೆ ದುಡ್ಡಿಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಸಣ್ಣ ಆಹಾರ ಉದ್ದಿಮೆಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರಕ್ಕೆ 35 ಶೇಕಡ, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಇತ್ತು, ವ್ಯಾಪಾರ ಹಿಡಿಸಿದರೆ ಈಗಲೂ ಇದೆಯಾ ಅಂತ ಕೇಳಿ ನೋಡಿ. ಆದರೆ ಮೊದಲ ದಿನವೇ ಸಬ್ಸಿಡಿ, ಸಾಲ ಅಂತ ಓಡಬೇಡಿ. ಮೊದಲು ಮೂವತ್ತು ಪ್ಯಾಕೆಟ್ ಮಾರಿ ನೋಡಿ, ಅದರಲ್ಲಿ ಎಷ್ಟು ಜನ ಎರಡನೇ ಸಲ ಕೇಳಿಕೊಂಡು ಬರುತ್ತಾರೆ ಅಂತ ಎಣಿಸಿ. ನನ್ನ ಹತ್ತಿರ ಹನ್ನೊಂದು ಜನ ಬಂದರು. ವ್ಯಾಪಾರ ಆಗುತ್ತಿತ್ತು. ಆದರೆ ಫೋನ್ ಬಂದಾಗೆಲ್ಲ ಎದೆ ಮತ್ತೆ ಡವಡವ ಅನ್ನುತ್ತಿತ್ತು. ಆರ್ಡರ್ ಯಾವಾಗ ಬರುತ್ತದೋ, ಯಾರು ಏನು ಬೈಯುತ್ತಾರೋ. ಅದೇ "ಹಿಡಿತ"ದ ಗಾಯ. ಮೂರನೇ ಹೆಜ್ಜೆಯ ಪಟ್ಟಿ ಕೈಯಲ್ಲಿದ್ದುದರಿಂದ ಅದು ಬೇಗ ಗೊತ್ತಾಯಿತು.

ಹೊಸ ಕಸುಬನ್ನು ಶಿಸ್ತಾಗಿ ಕಲಿಯಬೇಕು ಅನ್ನುವವರಿಗೆ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆ. ಅದೇ ಮಾದರಿಯ ತರಬೇತಿ ಕೇಂದ್ರಗಳು ಈಗ ಜಿಲ್ಲೆ ಜಿಲ್ಲೆಯಲ್ಲೂ ಇವೆ. ಹೈನುಗಾರಿಕೆ, ಜೇನು, ಹೊಲಿಗೆ, ರಿಪೇರಿ ಹೀಗೆ ಹಲವು ತರಬೇತಿ, ಊಟ ವಸತಿ ಸಮೇತ ಉಚಿತ. ವಯಸ್ಸಿನ ಮಿತಿ ಕೇಳಿಕೊಂಡು ಹೋಗಿ. ಓದುವ ದಾರಿಯವರು "ಸ್ವಯಂ", "ಎನ್‌ಪಿಟೆಲ್" ಅನ್ನುವ ಸರ್ಕಾರದ ಆನ್‌ಲೈನ್ ಪಾಠಗಳನ್ನು ಪುಕ್ಕಟೆ ನೋಡಬಹುದು, ಪರೀಕ್ಷೆ ಬರೆದರೆ ಮಾತ್ರ ಶುಲ್ಕ.

ಮೂರನೆಯದು ಪಾಠ. ನಮ್ಮ ಕಡೆಯ ಒಂದು ಸರ್ಕಾರಿ ಶಾಲೆಯ ಹೆಡ್ಮೇಷ್ಟ್ರನ್ನು ಕೇಳಿದೆ. ಶನಿವಾರ ಮಧ್ಯಾಹ್ನ ಎಂಟನೇ ಕ್ಲಾಸಿಗೆ ಗಣಿತ ತಗೊಳ್ಳಿ ಅಂದರು. ಎರಡನೇ ವಾರ ಭಿನ್ನರಾಶಿ ಹೇಳಿಕೊಡಲು ಒಂದು ಚಪಾತಿ ತಗೊಂಡು ಹೋಗಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಹಾಗಾದ್ರೆ ಕಾಲು ಅನ್ನೋದು ಅರ್ಧದ ಅರ್ಧನಾ?" ಅಂದಳು. ಅವಳ ಮುಖ ನೋಡಬೇಕಿತ್ತು. ಆ ದಿನ ಬಸ್ಸಿನಲ್ಲಿ ಕೂತು ಎರಡು ಸ್ಟಾಪ್ ಮುಂದೆ ಹೋಗಿಬಿಟ್ಟಿದ್ದೆ. ಎಂಟು ವಾರ ಮುಗಿದಾಗ ನೋಡಿದೆ. ಸುಸ್ತು ಆಗುತ್ತಿತ್ತು, ಗಂಟಲು ನೋಯುತ್ತಿತ್ತು. ಆದರೆ ಶುಕ್ರವಾರ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ನಿಮ್ಮ ಪ್ರಯೋಗ ಅಳೆಯಲು ಇದೇ ಅಳತೆ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಹೇಗನ್ನಿಸುತ್ತದೆ ಅನ್ನುವುದಕ್ಕಿಂತ, ನಾಳೆ ಅದನ್ನು ಮಾಡಬೇಕು ಅಂದಾಗ ಹಿಂದಿನ ರಾತ್ರಿ ಹೇಗನ್ನಿಸುತ್ತದೆ ಅಂತ ನೋಡಿ.

ಏಳನೇ ಹೆಜ್ಜೆ: ದಾಟುವುದು

ಇದು ಕಾಗದದ ಕೆಲಸ, ಬೇಗ ಹೇಳಿಬಿಡುತ್ತೇನೆ. ನೋಟಿಸ್ ಅವಧಿ ಎಷ್ಟು ದಿನ, ಬಾಂಡ್ ಇದೆಯಾ ಅಂತ ನೇಮಕಾತಿ ಪತ್ರದಲ್ಲಿ ನೋಡಿ. ಸಾಲ ಬೇಕಿದ್ದರೆ, ಇರುವ ಸಾಲದ ಕಂತು ಬದಲಾಯಿಸಬೇಕಿದ್ದರೆ, ಸಂಬಳದ ಚೀಟಿ ಇರುವಾಗಲೇ ಬ್ಯಾಂಕಿಗೆ ಹೋಗಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಹೊರಡುವ ಮುಂಚೆ ಬಿಡುಗಡೆ ಪತ್ರ, ಅನುಭವ ಪತ್ರ, ಫಾರಂ 16, ಕೊನೆಯ ಸಂಬಳದ ಚೀಟಿಗಳು, ಪಿಎಫ್‌ನ ಯುಎಎನ್ ನಂಬರ್ ಎಲ್ಲವೂ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇರಲಿ. ಯಾರ ಜೊತೆಗೂ ಜಗಳ ಆಡಿಕೊಂಡು ಹೊರಡಬೇಡಿ. ನನಗೆ ಆಮೇಲೆ ಅರ್ಧ ದಿನದ ತಾಂತ್ರಿಕ ತರಬೇತಿ ಕೆಲಸ ಕೊಟ್ಟಿದ್ದು ಹಳೇ ತಂಡದವರೇ. ಬಿಎಡ್ ಓದುವಾಗ ಆ ದುಡ್ಡು ಫೀಸಿಗೆ ಆಯಿತು.

ಪಾಠದ ದಾರಿಗೆ ಬರುವ ಎಂಜಿನಿಯರ್‌ಗಳು ತುಂಬಾ ಜನ ಕೇಳುವ ಪ್ರಶ್ನೆ: ನಮಗೆ ಬಿಎಡ್ ಸಿಗುತ್ತಾ? ಸಿಗುತ್ತದೆ. ವಿಜ್ಞಾನ, ಗಣಿತ ಓದಿದ ಬಿಇ ಪದವೀಧರರಿಗೆ 55 ಶೇಕಡ ಅಂಕ ಬೇಕು ಅಂತ ರಾಷ್ಟ್ರೀಯ ನಿಯಮ. ಕೋರ್ಸ್ ಎರಡು ವರ್ಷ. ಮೂವತ್ತೆಂಟನೇ ವಯಸ್ಸಿನಲ್ಲಿ ಇಪ್ಪತ್ತೆರಡರ ಮಕ್ಕಳ ಪಕ್ಕ ಕೂತು ನೋಟ್ಸ್ ಬರೆದೆ. ನನ್ನನ್ನು ಅವರು ಅಕ್ಕ ಅಂತ ಕರೆಯುತ್ತಿದ್ದರು. ಆ ಎರಡು ವರ್ಷ ನನಗೆ ತುಂಬಾ ಇಷ್ಟ.

ಎಂಟನೇ ಹೆಜ್ಜೆ: ಮೊದಲ ವರ್ಷ ಎಚ್ಚರ

ನನ್ನ ಈಗಿನ ಸಂಬಳ ಮೊದಲಿನದರ ಐದನೇ ಒಂದು ಭಾಗ. ಅದನ್ನು ಮುಚ್ಚಿಡುವುದಿಲ್ಲ. ಮೊದಲ ತಿಂಗಳು ಬ್ಯಾಂಕಿನ ಮೆಸೇಜ್ ಬಂದಾಗ ಅತ್ತಿದ್ದೇನೆ. ಮದುವೆ ಮನೆಗಳಲ್ಲಿ "ಈಗ ಎಲ್ಲಿ ಕೆಲಸ?" ಅಂದಾಗ ಉತ್ತರ ಹೇಳಲು ತಡವರಿಸಿದ್ದೇನೆ. ಇದಕ್ಕೆಲ್ಲ ಹೊತ್ತು ಬೇಕು. ಹೊಸ ಕೆಲಸದಲ್ಲಿ ನೀವು ಮತ್ತೆ ಕಿರಿಯರು. ಹತ್ತು ವರ್ಷ ಚಿಕ್ಕವರು ನಿಮಗೆ ತಪ್ಪು ತೋರಿಸುತ್ತಾರೆ. ಅವರ ಹತ್ತಿರ ಕಲಿಯಿರಿ, ಅವರಿಗೆ ಆ ಕೆಲಸ ನಿಮಗಿಂತ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಬರ್ನ್‌ಔಟ್ ಅನ್ನುವ ಪದವನ್ನು 1974ರಲ್ಲಿ ಮೊದಲು ಲೇಖನದಲ್ಲಿ ವಿವರಿಸಿದವರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಅವರು ನೋಡಿದ್ದು ದೊಡ್ಡ ಕಂಪನಿಯ ನೌಕರರನ್ನಲ್ಲ. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ಮನಸಾರೆ ದುಡಿಯುತ್ತಿದ್ದ ಸ್ವಯಂಸೇವಕರನ್ನು. ತಾವೂ ಅವರಲ್ಲೊಬ್ಬರಾಗಿ ದಣಿದಿದ್ದರು. ಅಂದರೆ ಅರ್ಥವಿರುವ ಕೆಲಸ, ಸೇವೆಯ ಕೆಲಸ ಕೂಡ ಮನುಷ್ಯನನ್ನು ಸುಡುತ್ತದೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ನಾವು "ಇಲ್ಲ" ಅನ್ನುವುದು ಇನ್ನೂ ಕಷ್ಟ, ಅಲ್ವಾ?

ಶಾಲೆಯಲ್ಲಿ ಮೊದಲ ವರ್ಷವೇ ನನಗೆ ಅದು ಅನುಭವಕ್ಕೆ ಬಂತು. ಸಂಜೆ ವಿಶೇಷ ತರಗತಿ, ಭಾನುವಾರ ಮನೆಯಲ್ಲಿ ಪಾಠ, ರಾತ್ರಿ ಹತ್ತಕ್ಕೆ ತಂದೆ ತಾಯಂದಿರ ಫೋನ್. ಎಲ್ಲದಕ್ಕೂ ನಾನೇ ಒಪ್ಪಿಕೊಂಡಿದ್ದೆ. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಫೋನ್ ಹೊಡೆದುಕೊಂಡಾಗ ಮತ್ತೆ ಅಂಗೈ ಬೆವರಿತು. ಮರುದಿನ ಮೂರು ನಿಯಮ ಮಾಡಿಕೊಂಡೆ. ಸಂಜೆ ಏಳರ ಮೇಲೆ ಶಾಲೆಯ ಫೋನ್ ತೆಗೆಯುವುದಿಲ್ಲ. ಭಾನುವಾರ ಪಾಠ ಇಲ್ಲ. ಮತ್ತು ಆ ಎರಡು ವಾರದ ಪಟ್ಟಿಯನ್ನು ಪ್ರತಿ ಆರು ತಿಂಗಳಿಗೊಮ್ಮೆ ಮತ್ತೆ ಬರೆಯುತ್ತೇನೆ. ಮೊದಲೆರಡು ನಿಯಮವನ್ನು ತಂದೆ ತಾಯಂದಿರ ಸಭೆಯಲ್ಲೇ ಹೇಳಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಕಳೆದ ಸಲದ ಪಟ್ಟಿಯಲ್ಲಿ "ಹೊರೆ" ಅನ್ನುವುದಕ್ಕೆ ನಾಲ್ಕು ಗುರುತು ಬಿದ್ದಿತ್ತು, "ಹಿಡಿತ"ಕ್ಕೆ ಒಂದು. ಮುಂದಿನದನ್ನು ಜೂನ್ ಕೊನೆಯ ವಾರ ಬರೆಯಬೇಕು. ಶಾಲೆ ಶುರುವಾಗಿ ಒಂದು ತಿಂಗಳು ಆಗಿರುತ್ತದೆ, ಹೊಸ ಎಂಟನೇ ಕ್ಲಾಸು ಬಂದಿರುತ್ತದೆ. ನೋಟ್‌ಬುಕ್‌ನಲ್ಲಿ ತಾರೀಕು ಹಾಕಿಟ್ಟಿದ್ದೇನೆ.